ಸುಡುಮಣ್ಣು

ಪೊಟ್ಟಣದ ಮೇಲೆ ಮೂರು ಮುದ್ರೆ, ಒಂದು ಅನುಮತಿ ಚೀಟಿ,
ಒಳಗೆ ಇನ್ನೂರು ಗ್ರಾಂ ಪರದೇಶ.
ನವಿಲೆಯ ಲ್ಯಾಬಿನ ಮೇಜಿನ ಮೇಲೆ ಬಿಚ್ಚಿದರೆ
ಪೈನ್ ಎಲೆಯ ಹುಳಿವಾಸನೆ,
ಹಳೇ ಉಪ್ಪಿನಕಾಯಿ ಜಾಡಿಯ ಬಾಯಿಬಟ್ಟೆ ತೆಗೆದಂತೆ.

ಗುತ್ಯಪ್ಪ ಅಂಗೈಯಲ್ಲಿ ತೂಗಿದ.
ಮೂವತ್ತು ವರ್ಷ ನಮಗಾಗಿ ಗುಂಡಿ ತೋಡಿದ ಅಂಗೈ.
"ಇದೆಂತ ಮಣ್ಣಕ್ಕಾ, ತೂಕವೇ ಇಲ್ಲ."
ಬೆರಳಲ್ಲಿ ತಿಕ್ಕಿದ. ಬೆಣ್ಣೆಯ ಹಾಗೆ ಜಾರಿ
ಒಳಗಿಂದ ನೀರು ಬಿಟ್ಟಿತು.

ಹೇಳಿದೆ: ಅಲ್ಲೊಂದು ಬೆಟ್ಟ ಬೆಂಕಿ ಕಾರಿತಂತೆ,
ಸಾವಿರಾರು ವರ್ಷದ ಹಿಂದೆ. ಬೂದಿ ಉದುರಿ ಉದುರಿ
ಸೂಜಿಎಲೆಯ ಕಾಡಿಗೆ ಕಾಡೇ ಮುಸುಕು ಹಾಕಿಕೊಂಡಿತಂತೆ.
ಬೂದಿಯ ಕೆಳಗೆ ಇನ್ನೊಂದು ಮಣ್ಣು,
ಹಿಮದ ನದಿ ಎಳೆದು ತಂದು, ಕರಗುವಾಗ ಕೈಬಿಟ್ಟದ್ದು.
ಜರಡಿ ಕಾಣದ್ದು. ಬಂಡೆ, ಹರಳು, ಗೋಡು ಒಟ್ಟೊಟ್ಟಿಗೆ,
ಸಂತೆ ಮುಗಿದ ಮೇಲೆ ಚೀಲ ಕೊಡವಿದ ಹಾಗೆ.

"ಸುಡುಮಣ್ಣು," ಅಂದ ಗುತ್ಯಪ್ಪ.
"ನಾವು ತರಗು ಪೇರಿಸಿ, ಮೇಲೆ ಮಣ್ಣೆಳೆದು ಬೆಂಕಿ ಕೊಡ್ತೀವಲ್ಲ,
ಆ ಬೆಟ್ಟವೂ ಹಾಕ್ಕಂಡಿದೆ. ಯಾವ ಸಸಿಗೋ."
ನನ್ನ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ.
ಬಾಯಿಗೆ ಬರಲಿಲ್ಲ.

ಕಾಗದದ ಮೇಲೆ ಒಂದು ಚಿಟಿಕೆ ಇಟ್ಟು ದ್ರಾವಣ ಬಿಟ್ಟೆ.
ಎರಡು ನಿಮಿಷಕ್ಕೆ ಕೆಂಪೇರಿತು,
ಎಲೆಯಡಿಕೆ ಮೆಲ್ಲುತ್ತ ಯಾರೋ ನಕ್ಕ ಹಾಗೆ.
ಬೂದಿ ತನ್ನ ಬೆಂಕಿಯನ್ನು ಹೀಗೆ ಒಪ್ಪಿಕೊಳ್ಳುತ್ತದೆ.

ಪಕ್ಕದ ತಟ್ಟೆಯಲ್ಲಿ ಹೊಸನಗರದ ಜಂಬಿಟ್ಟಿಗೆ ಮಣ್ಣು.
ಇವಳು ಮುದುಕಿ. ಮಳೆ ಇವಳ ಸುಣ್ಣ ತಿಂದಿದೆ, ಉಪ್ಪು ತಿಂದಿದೆ,
ಉಳಿದದ್ದು ಕಬ್ಬಿಣ ಮತ್ತು ಹಠ.
ನೆಲದೊಳಗಿದ್ದಾಗ ಹಾರೆಗೆ ಬಗ್ಗುತ್ತಾಳೆ,
ಗಾಳಿ ಕಂಡರೆ ಕಲ್ಲಾಗುತ್ತಾಳೆ.
ಈ ಸೀಮೆಯಲ್ಲೂ ಒಂದು ಕಾಲಕ್ಕೆ ಬೆಂಕಿ ಹರಿದಿತ್ತು
ಎನ್ನುತ್ತಾರೆ ಬಂಡೆ ಓದುವವರು.
ಅದೇ ಹನಿ ಬಿಟ್ಟೆ. ಕಾದೆ.
ಮುದುಕಿ ಬಾಯಿ ಬಿಡಲಿಲ್ಲ.

ಉಳಿದದ್ದನ್ನು ಸುಡಬೇಕು, ಅದು ನಿಯಮ.
ಪರದೇಶದ ಮಣ್ಣು ಹೊರಗೆ ಬೀಳಕೂಡದು.
"ಒಂದೇ ಚಿಟಿಕೆ," ಅಂದ ಗುತ್ಯಪ್ಪ,
"ಮನೆಯವಳ ಕನಕಾಂಬರದ ಕುಂಡಕ್ಕೆ."
ಕೊಡಲಿಲ್ಲ.
ಕುಲುಮೆಯಲ್ಲಿ ಐನೂರೈವತ್ತು ಡಿಗ್ರಿ, ನಾಲ್ಕು ಗಂಟೆ.
ಆಚೆ ತೆಗೆದು ತೂಗಿದರೆ ಹದಿನೆಂಟು ಗ್ರಾಂ ಇಲ್ಲ:
ಉದುರಿದ ಎಲೆ, ಬೇರಿನ ಕೂದಲು, ಅಣಬೆಯ ನೂಲು,
ಎಲ್ಲ ಚಿಮಣಿ ದಾಟಿ ಸವಳಂಗ ರಸ್ತೆಯ ಮೇಲೆ ಹೊಗೆ.
ರಿಜಿಸ್ಟರಿನಲ್ಲಿ ಆ ಕಾಲಮ್ಮಿನ ಹೆಸರು 'ನಷ್ಟ'.

ಮೇ ಕೊನೆಯ ಸೋಮವಾರ
ಗುತ್ಯಪ್ಪ ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದ.
ಶರಾವತಿಯ ಹಿನ್ನೀರು ಇಳಿದಿತ್ತಂತೆ,
ಸತ್ತ ಮರಗಳ ಬುಡ ಕಂಡಿತ್ತಂತೆ.
ತೊಟ್ಟಿಲ ಸಮೇತ ಲಾರಿ ಹತ್ತಿದ ಮನುಷ್ಯ,
ಅಪ್ಪ ಹೇಳಿದ್ದ ಗುರುತು ಹಿಡಿದು ಗುಂಡಿ ತೋಡಿದ್ದ.
ಈ ಸಲ ಸರ್ಕಾರಕ್ಕಲ್ಲ.

"ಮೇಲೆ ಒಂದು ಗೇಣು ಬೂದುಬಣ್ಣದ ಗೋಡು.
ಅದರ ಕೆಳಗೆ ನೂಲಿನಷ್ಟು ಕಪ್ಪು, ಇದ್ದಿಲ ಮಸಿ ಕಲಸಿ
ಅವ್ವ ಸಾರಿಸಿದ್ದು. ಅಂಗಳ.
ಆಮೇಲೆ ಕೆಂಪು."

ಸಾಗರದ ಬಸ್ಸಿನ ಕುಲುಕಿಗೆ ಬಾಟಲಿಯೊಳಗೆ
ಮೂರೂ ಕಲಸಿಹೋಗಿದ್ದವು.

ಆದರೂ ಚೀಟಿ ಅಂಟಿಸಿದೆ.
ಊರು? ಹೇಳಿದ. ನಕ್ಷೆಯಲ್ಲಿ ಅಲ್ಲಿ ಬರೀ ನೀಲಿ.
ಆಳ? ಮೇಜಿನ ಮೇಲೆ ಗೇಣು ಹರಡಿ ತೋರಿಸಿದ.
ಸ್ಕೇಲ್ ಹಿಡಿದೆ, ಹೆಬ್ಬೆರಳಿಂದ ಕಿರುಬೆರಳಿಗೆ:
ಇಪ್ಪತ್ತೊಂದು ಸೆಂಟಿಮೀಟರ್.

"ಇದನ್ನೂ ಸುಡ್ತೀರಾ?"
ಇಲ್ಲ, ಅಂದೆ. ಇದು ಇಲ್ಲಿಯದೇ. ನಿಯಮವಿಲ್ಲ.
"ಹಾಗಾದ್ರೆ ನಿಮ್ಮ ಕೆಲಸ ಮುಗಿದ ಮೇಲೆ ವಾಪಸ್ ಕೊಡಿ,"
ಅಂದ, "ಕುಂಡ ಖಾಲಿ ಇದೆ."